ಹದಿನೇಳು ಅಂಡಾಣುಗಳ ಲೆಕ್ಕ: ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ಪ್ರಕರಣದ ಅಧ್ಯಯನ

2005ರ ಮೇ ತಿಂಗಳಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಹ್ವಾಂಗ್ ವೂ-ಸುಕ್ ಮತ್ತು ಅವರ 24 ಮಂದಿ ಸಹಲೇಖಕರು ಅದರಲ್ಲಿ ಹೇಳಿಕೊಂಡದ್ದು ಇಷ್ಟು: 18 ಮಹಿಳೆಯರು ದಾನವಾಗಿ ಕೊಟ್ಟ 185 ಅಂಡಾಣುಗಳನ್ನು ಬಳಸಿ, ಬೆನ್ನುಹುರಿಗೆ ಪೆಟ್ಟಾದವರು ಮತ್ತು ಎಳವೆಯ ಮಧುಮೇಹಕ್ಕೆ ತುತ್ತಾದವರೂ ಸೇರಿದಂತೆ ಬೇರೆ ಬೇರೆ ರೋಗಿಗಳ ಡಿಎನ್‌ಎಯನ್ನೇ ಹೊತ್ತ 11 ಭ್ರೂಣಮೂಲ ಆಕರಕೋಶ (ಸ್ಟೆಮ್ ಸೆಲ್) ಸರಣಿಗಳನ್ನು, ಎಂದರೆ ಒಂದೊಂದು ಮೂಲದಿಂದ ಬಂದು ಪ್ರಯೋಗಾಲಯದಲ್ಲಿ ಬೆಳೆಯುತ್ತಲೇ ಹೋಗುವ ಕೋಶಸಂತತಿಗಳನ್ನು, ತಾವು ಬೆಳೆಸಿದ್ದೇವೆ. ಜಗತ್ತಿನ ಪತ್ರಿಕೆಗಳೆಲ್ಲ ಹನ್ನೊಂದು ಎಂಬ ಅಂಕಿಯನ್ನು ಎತ್ತಿ ಹಿಡಿದವು. ಆದರೆ ಆ ಪ್ರಬಂಧದ ನಿಜವಾದ ಘೋಷಣೆ ಇದ್ದದ್ದು 185 ಎಂಬ ಅಂಕಿಯಲ್ಲಿ. 185ನ್ನು 11ರಿಂದ ಭಾಗಿಸಿದರೆ ಸುಮಾರು ಹದಿನೇಳು. ಹಾರ್ಮೋನು ಚುಚ್ಚುಮದ್ದು ಪಡೆದ ಒಬ್ಬ ಮಹಿಳೆಯಿಂದ ಒಂದು ಸಲಕ್ಕೆ ಹೊರತೆಗೆಯಬಹುದಾದಷ್ಟೇ ಅಂಡಾಣುಗಳಿಂದ ಒಬ್ಬ ರೋಗಿಗೆ ಬೇಕಾದ ಕೋಶಗಳು ಸಿಗುತ್ತವೆ ಎಂದಾದರೆ, ಅದುವರೆಗೆ ಪ್ರಯೋಗಾಲಯದ ಕುತೂಹಲವಾಗಿದ್ದ ವಿಷಯ ಒಮ್ಮೆಲೇ ಆಸ್ಪತ್ರೆಯ ಚಿಕಿತ್ಸೆಯ ಹೊಸ್ತಿಲಿಗೆ ಬಂದು ನಿಂತಂತಾಯಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಎರಡು ಭಾಗ ಮಾಡಿ ಹೇಳುವುದು ವಾಡಿಕೆ. ಅಂಡಾಣುಗಳನ್ನು ಪಡೆದ ರೀತಿಯಲ್ಲಿ ಆದ ನೈತಿಕ ಲೋಪ ಒಂದು, ದತ್ತಾಂಶಗಳನ್ನು ತಿದ್ದಿದ ವೈಜ್ಞಾನಿಕ ವಂಚನೆ ಇನ್ನೊಂದು. ಮೊದಲನೆಯದು ಸಣ್ಣದು, ಎರಡನೆಯದು ದೊಡ್ಡದು ಎಂಬಂತೆ. ಪ್ರಕರಣದ ದಾಖಲೆಗಳನ್ನು ಓದುತ್ತ ಹೋದಂತೆ ಈ ವಿಂಗಡಣೆ ತಪ್ಪೆಂದು ನನಗೆ ಖಚಿತವಾಗಿದೆ. ಎಷ್ಟು ಅಂಡಾಣುಗಳು, ಯಾರಿಂದ, ಯಾವ ಷರತ್ತಿನ ಮೇಲೆ ಬಂದವು ಎಂಬ ಪ್ರಶ್ನೆಯೇ ಇಲ್ಲಿ ನೀತಿಯ ಪ್ರಶ್ನೆಯೂ ಆಗಿತ್ತು, ವಿಜ್ಞಾನದ ಪ್ರಶ್ನೆಯೂ ಆಗಿತ್ತು. ಎರಡು ಕಡೆಯೂ ಸುಳ್ಳಾದದ್ದು ಒಂದೇ ಲೆಕ್ಕ.

ಅಂಡಾಣು ಏಕೆ ಬೇಕಾಯಿತು

ದೇಹದ ಯಾವ ಬಗೆಯ ಕೋಶವಾಗಿ ಬೇಕಾದರೂ ಬೆಳೆಯಬಲ್ಲ, ತನ್ನಂಥದೇ ಕೋಶಗಳನ್ನು ಮತ್ತೆ ಮತ್ತೆ ಹುಟ್ಟಿಸಿಕೊಳ್ಳಬಲ್ಲ ಮೂಲಕೋಶವನ್ನು ಆಕರಕೋಶ ಅಥವಾ ಕಾಂಡಕೋಶ ಎನ್ನುತ್ತೇವೆ. ಮನುಷ್ಯ ಭ್ರೂಣದಿಂದ ಇಂಥ ಕೋಶಗಳನ್ನು ಬೇರ್ಪಡಿಸಿ ಮೊದಲ ಬಾರಿಗೆ ಬೆಳೆಸಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್, 1998ರಲ್ಲಿ. ಗರ್ಭಧಾರಣೆಯಾಗಿ ಐದಾರು ದಿನ ಕಳೆದ ಭ್ರೂಣ ಕಣ್ಣಿಗೆ ಕಾಣುವುದೇ ಕಷ್ಟವಾಗುವಷ್ಟು ಪುಟ್ಟ ಗುಳ್ಳೆ. ಅದರ ಒಳಗೋಡೆಗೆ ಅಂಟಿಕೊಂಡ ಸಣ್ಣ ಕೋಶಗುಚ್ಛವನ್ನು ಬಿಡಿಸಿ ತೆಗೆದರೆ ಆ ಭ್ರೂಣ ಉಳಿಯುವುದಿಲ್ಲ. ಆದ್ದರಿಂದಲೇ ಈ ಸಂಶೋಧನೆ ಹುಟ್ಟಿದ ದಿನದಿಂದಲೂ ಧರ್ಮಪೀಠಗಳಿಂದ ಸಂಸತ್ತುಗಳವರೆಗೆ ಚರ್ಚೆಗೆ ಒಳಗಾಗಿದೆ. ಬಹುತೇಕ ಪ್ರಯೋಗಾಲಯಗಳು ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಬಳಕೆಯಾಗದೆ ಉಳಿದ ಭ್ರೂಣಗಳನ್ನು ದಂಪತಿಗಳ ಒಪ್ಪಿಗೆ ಪಡೆದು ಬಳಸಿದವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡ ಬೆಳೆಸಿದ ಎರಡು ಮಾನವ ಆಕರಕೋಶ ಸರಣಿಗಳೂ ಹೀಗೆ ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬಿಟ್ಟ ಭ್ರೂಣಗಳಿಂದಲೇ ಬಂದವು.

ಆದರೆ ಉಳಿಕೆ ಭ್ರೂಣದಿಂದ ಬಂದ ಕೋಶ ರೋಗಿಗೆ ಪರಕೀಯ. ಅವನ ದೇಹ ಅದನ್ನು ತಿರಸ್ಕರಿಸುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ವಿಜ್ಞಾನಿಗಳು ಯೋಚಿಸಿದ ಪರಿಹಾರ ಡಾಲಿ ಎಂಬ ಕುರಿಯನ್ನು ಹುಟ್ಟಿಸಿದ ವಿಧಾನ. ಒಂದು ಅಂಡಾಣುವಿನ ಕೋಶಕೇಂದ್ರವನ್ನು ತೆಗೆದುಹಾಕಿ, ಆ ಜಾಗದಲ್ಲಿ ರೋಗಿಯ ಚರ್ಮಕೋಶವನ್ನು ಅದರ ಕೇಂದ್ರದ ಸಮೇತ ಬೆಸೆದು, ವಿದ್ಯುತ್ತಿನ ಹಾಗೂ ರಾಸಾಯನಿಕದ ಪ್ರಚೋದನೆ ಕೊಟ್ಟರೆ, ಅಂಡಾಣು ತನಗೆ ಗರ್ಭಧಾರಣೆಯಾಯಿತೆಂದೇ ಭಾವಿಸಿ ವಿಭಜನೆಗೆ ತೊಡಗಬಹುದು. ಹಾಗೆ ಬೆಳೆದ ಐದಾರು ದಿನದ ಭ್ರೂಣದಿಂದ ತೆಗೆದ ಆಕರಕೋಶಗಳು ರೋಗಿಯದೇ ಕೋಶಗಳಂತೆ ಇರುತ್ತವೆ. ಹೇಳುವುದಕ್ಕೆ ಸರಳ, ಮಾಡುವುದಕ್ಕೆ ಬಹು ಕಷ್ಟ. 1996ರಲ್ಲಿ ಡಾಲಿಗಾಗಿ ಬೆಸೆದ ಅಂಡಾಣುಗಳು 277. ಹುಟ್ಟಿದ್ದು ಒಂದೇ ಕುರಿಮರಿ. ವಾನರಗಳಲ್ಲಂತೂ ಈ ವಿಧಾನ ಆಗಿನ್ನೂ ಫಲಿಸಿರಲೇ ಇಲ್ಲ. ಈಗಿನ ವಿಧಾನಗಳಿಂದ ವಾನರ ವರ್ಗದ ಪ್ರಾಣಿಗಳಲ್ಲಿ ಇದು ಸಾಧ್ಯವಾಗಲಿಕ್ಕಿಲ್ಲ ಎಂದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜೆರಾಲ್ಡ್ ಶಾಟನ್ ಅವರ ತಂಡ 2003ರಲ್ಲಿ ಬರೆದಿತ್ತು. ಇದೇ ಶಾಟನ್ ಎರಡು ವರ್ಷಗಳ ನಂತರ ಹ್ವಾಂಗ್ ಅವರ ಪ್ರಬಂಧದ ಹಿರಿಯ ಲೇಖಕರಾಗಿ ನಿಂತರೆಂಬುದು ಆ ಪ್ರಬಂಧಕ್ಕೆ ಎಂಥ ತೂಕ ಕೊಟ್ಟಿರಬೇಕೆಂದು ಊಹಿಸಬಹುದು.

ಕುರಿ, ಹಸುಗಳ ಅಂಡಾಣುಗಳನ್ನು ಕಸಾಯಿಖಾನೆಯಿಂದ ನೂರುಗಟ್ಟಲೆ ತರಬಹುದು. ಮನುಷ್ಯರದನ್ನು ತರಲು ಬರುವುದಿಲ್ಲ. ಆರೋಗ್ಯವಂತ ಮಹಿಳೆಯೊಬ್ಬಳ ದೇಹದಲ್ಲಿ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡಾಣು ಪಕ್ವವಾಗುತ್ತದೆ. ಏಕಕಾಲಕ್ಕೆ ಹತ್ತು ಹದಿನೈದು ಬೇಕೆಂದರೆ ಆಕೆ ಸುಮಾರು ಹತ್ತು ದಿನ ಪ್ರತಿದಿನವೂ ಹಾರ್ಮೋನು ಚುಚ್ಚುಮದ್ದು ತೆಗೆದುಕೊಳ್ಳಬೇಕು, ಮತ್ತೆ ಮತ್ತೆ ಸ್ಕ್ಯಾನಿಂಗಿಗೆ ಬರಬೇಕು, ಕೊನೆಗೆ ಅರಿವಳಿಕೆಯಲ್ಲಿ ಮಲಗಿ, ಯೋನಿಯ ಗೋಡೆಯ ಮೂಲಕ ಅಂಡಾಶಯಕ್ಕೆ ಹಾಯಿಸಿದ ಉದ್ದನೆಯ ಸೂಜಿಯಿಂದ ಒಂದೊಂದೇ ಅಂಡಕೋಶಿಕೆಯ ದ್ರವವನ್ನು ಹೀರಿಸಿಕೊಳ್ಳಬೇಕು. ಹಲವರಿಗೆ ಹೊಟ್ಟೆಯುಬ್ಬರ, ನೋವು. ಕೆಲವರಿಗೆ ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡು ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಬೇಕಾದ ಪರಿಸ್ಥಿತಿ. ಅಪರೂಪಕ್ಕೆ ಪ್ರಾಣಕ್ಕೂ ಅಪಾಯ. ಮಗು ಬೇಕೆಂಬ ಮಹಿಳೆ ತನಗಾಗಿ ಇದನ್ನು ಸಹಿಸುವುದು ಒಂದು ಮಾತು. ತನಗೆ ಯಾವ ಲಾಭವೂ ಇಲ್ಲದ ಸಂಶೋಧನೆಗಾಗಿ ಸಹಿಸುವುದು ಬೇರೆಯೇ ಮಾತು, ಮತ್ತು ಅಂಥ ದಾನವನ್ನು ಸ್ವೀಕರಿಸುವವರ ಮೇಲಿನ ಹೊಣೆಯೂ ಅಷ್ಟೇ ಭಾರವಾದದ್ದು.

ಅಂಡಾಣುಗಳ ಸಂಖ್ಯೆ ಏಕೆ ನಿರ್ಣಾಯಕವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹ್ವಾಂಗ್ ಅವರ ತಂಡ 2004ರ ಫೆಬ್ರುವರಿಯಲ್ಲಿ ಇದೇ ‘ಸೈನ್ಸ್’ನಲ್ಲಿ ಪ್ರಕಟಿಸಿದ ಮೊದಲ ಪ್ರಬಂಧದಲ್ಲಿ 16 ಮಹಿಳೆಯರ 242 ಅಂಡಾಣುಗಳಿಂದ ಒಂದೇ ಒಂದು ಕೋಶಸರಣಿ ಸಿಕ್ಕಿದೆಯೆಂದು ಹೇಳಿತ್ತು. ಅದಕ್ಕೆ ಎನ್‌ಟಿ-1 ಎಂದು ಹೆಸರು. ಇನ್ನೂರ ನಲವತ್ತೆರಡಕ್ಕೆ ಒಂದು ಎಂಬ ಪ್ರಮಾಣದಲ್ಲಿ ಇದು ಎಂದಿಗೂ ಚಿಕಿತ್ಸೆಯಾಗಲಾರದು. ಒಬ್ಬ ರೋಗಿಗಾಗಿ ಹದಿನಾರು ಮಹಿಳೆಯರ ದೇಹವನ್ನು ಸೂಜಿಗೊಡ್ಡುವುದನ್ನು ಯಾವ ಸಮಾಜವೂ ಒಪ್ಪಲಾರದು. ಹದಿನೇಳಕ್ಕೆ ಒಂದು ಎಂದಾಗ ಮಾತ್ರ ಆ ಆಕ್ಷೇಪಣೆಯ ಬಾಯಿ ಕಟ್ಟುತ್ತದೆ. ಅಂದರೆ ಎರಡನೆಯ ಪ್ರಬಂಧ ತಾಂತ್ರಿಕ ಸಾಧನೆಯೊಂದನ್ನು ಮಾತ್ರ ಘೋಷಿಸಲಿಲ್ಲ; ಅಂಡಾಣು ದಾನದ ನೈತಿಕ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಿತೆಂದೂ ಸಾರಿತು.

ರಾಷ್ಟ್ರವೀರ

ಹ್ವಾಂಗ್ ಬಡ ಕುಟುಂಬದಿಂದ ಬಂದವರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಹಳ್ಳಿಯಲ್ಲಿ ದನ ಮೇಯಿಸುತ್ತ ಓದಿ, ಪಶುವೈದ್ಯ ವಿಜ್ಞಾನ ಕಲಿತು ದೇಶದ ಅತ್ಯುನ್ನತ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. 1999ರಲ್ಲಿ ತದ್ರೂಪಿ (ಕ್ಲೋನ್) ಹಸುವೊಂದನ್ನು ಹುಟ್ಟಿಸಿದ್ದಾಗಿ ಅವರು ಘೋಷಿಸಿದರು. ಅದನ್ನು ಸಮರ್ಥಿಸುವ ವೈಜ್ಞಾನಿಕ ಪ್ರಬಂಧವನ್ನೇನೂ ಪ್ರಕಟಿಸಲಿಲ್ಲ, ಮಾಧ್ಯಮಗಳೂ ಕೇಳಲಿಲ್ಲ. ಮುಂದಿನದ್ದಕ್ಕೆಲ್ಲ ಅದೇ ರೂಢಿಯಾಯಿತೆಂದು ತೋರುತ್ತದೆ. ತಮ್ಮ ತಂಡದ ಕೈಚಳಕಕ್ಕೆ ಕೊರಿಯನ್ನರು ಚಿಕ್ಕಂದಿನಿಂದ ಬಳಸುವ ಉಕ್ಕಿನ ಚಾಪ್‌ಸ್ಟಿಕ್ಕುಗಳೇ ಕಾರಣವೆಂದು ಅವರು ಹೇಳುತ್ತಿದ್ದರು. ಅಂಡಾಣುವಿನ ಕೇಂದ್ರವನ್ನು ಸೂಜಿಯಿಂದ ಹೀರಿ ತೆಗೆಯುವ ಬದಲು, ಅದರ ಹೊರಪದರದಲ್ಲಿ ಸಣ್ಣ ತೂತು ಮಾಡಿ, ದ್ರಾಕ್ಷಿಯ ಸಿಪ್ಪೆಯಿಂದ ತಿರುಳನ್ನು ಹೊರಡಿಸುವಂತೆ ಮೆಲ್ಲನೆ ಒತ್ತಿ ಹೊರಹಾಕುವ ವಿಧಾನ ಅವರದು. ಆ ಕೌಶಲ ನಿಜವಾದದ್ದೆಂಬುದನ್ನು ಇಲ್ಲಿ ಹೇಳಲೇಬೇಕು. ತನಿಖೆಯ ಕೊನೆಗೂ ಅದನ್ನು ಯಾರೂ ಅಲ್ಲಗಳೆಯಲಿಲ್ಲ.

2005ರಲ್ಲಿ ಕೊರಿಯಾದ ಅಂಚೆ ಇಲಾಖೆ ಒಂದು ಚೀಟಿಯನ್ನು ಹೊರತಂದಿತು. ಅದರ ಒಂದು ಬದಿಯಲ್ಲಿ ಅಂಡಾಣುವಿಗೆ ಸೂಜಿ ಹಾಯಿಸುತ್ತಿರುವ ಚಿತ್ರ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತವನೊಬ್ಬ ಹಂತಹಂತವಾಗಿ ಎದ್ದು, ಜಿಗಿದು, ಎದುರಿಗಿದ್ದವರನ್ನು ತಬ್ಬಿಕೊಳ್ಳುವ ನೆರಳುಚಿತ್ರ. ಒಬ್ಬ ರೋಗಿಯ ಮೇಲೂ ಪ್ರಯೋಗವಾಗದ ಚಿಕಿತ್ಸೆಯ ಫಲಿತಾಂಶವನ್ನು ಸರ್ಕಾರವೇ ಅಂಚೆಚೀಟಿಯ ಮೇಲೆ ಮುದ್ರಿಸಿತ್ತು. ‘ಪರಮೋಚ್ಚ ವಿಜ್ಞಾನಿ’ ಎಂಬ ಬಿರುದು ಅವರಿಗೆಂದೇ ಸೃಷ್ಟಿಯಾಯಿತು. ರಾಷ್ಟ್ರಾಧ್ಯಕ್ಷರ ವಿಜ್ಞಾನ ಸಲಹೆಗಾರ್ತಿಯ ಹೆಸರು 2004ರ ಪ್ರಬಂಧದ ಲೇಖಕರ ಪಟ್ಟಿಯಲ್ಲಿತ್ತು. 2005ರ ಆಗಸ್ಟಿನಲ್ಲಿ ಸ್ನಪ್ಪಿ ಎಂಬ ತದ್ರೂಪಿ ನಾಯಿಯ ಸುದ್ದಿ ಬಂತು: 1,095 ಭ್ರೂಣಗಳನ್ನು 123 ಹೆಣ್ಣು ನಾಯಿಗಳ ಗರ್ಭಕ್ಕೆ ಸೇರಿಸಿ, ಎರಡು ಮರಿ ಹುಟ್ಟಿ, ಒಂದು ಮಾತ್ರ ಬದುಕಿ ಉಳಿದಿತ್ತು. ಅಕ್ಟೋಬರ್ 19ರಂದು ಅಧ್ಯಕ್ಷ ರೋ ಮೂ-ಹ್ಯುನ್ ಅವರ ಸಮ್ಮುಖದಲ್ಲಿ ಸಿಯೋಲ್‌ನಲ್ಲಿ ವಿಶ್ವ ಆಕರಕೋಶ ಕೇಂದ್ರ ತೆರೆಯಿತು. ತಮ್ಮ ಪ್ರಯೋಗಾಲಯದ ವಾರ ಸೋಮ, ಮಂಗಳ, ಬುಧ, ಗುರು, ಶುಕ್ರ, ಶುಕ್ರ, ಶುಕ್ರ ಎಂದು ಹ್ವಾಂಗ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ರಜೆಯೇ ಇಲ್ಲದ ಆ ವಾರದಲ್ಲಿ ಕಿರಿಯ ಸಂಶೋಧಕರು ಗುರುವಿಗೆ ಇಲ್ಲವೆನ್ನುವುದು ಎಷ್ಟು ಸಾಧ್ಯವಿತ್ತು ಎಂಬ ಪ್ರಶ್ನೆಯನ್ನು ಆಗ ಬಹಳ ಜನ ಕೇಳಲಿಲ್ಲ.

ಮೊದಲ ಪ್ರಶ್ನೆ

ಕೇಳಿದವರು ಇರಲಿಲ್ಲವೆಂದಲ್ಲ. 2004ರ ಮೇ ತಿಂಗಳಲ್ಲೇ ‘ನೇಚರ್’ ಪತ್ರಿಕೆಯ ವರದಿಗಾರರೊಬ್ಬರಿಗೆ ಹ್ವಾಂಗ್ ಪ್ರಯೋಗಾಲಯದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ತಾನೂ ಅಂಡಾಣು ಕೊಟ್ಟಿದ್ದೇನೆಂದು ಹೇಳಿದ್ದರು. ಆಮೇಲೆ ಆಕೆ ಆ ಮಾತನ್ನು ಹಿಂತೆಗೆದುಕೊಂಡು, ತನ್ನ ಇಂಗ್ಲಿಷ್ ಸರಿಯಿಲ್ಲದ್ದರಿಂದ ತಪ್ಪು ತಿಳಿವಳಿಕೆಯಾಯಿತೆಂದರು. ಹ್ವಾಂಗ್ ಸಾರಾಸಗಟಾಗಿ ನಿರಾಕರಿಸಿದರು. ಮೇಲ್ವಿಚಾರಕನ ಅಧೀನದಲ್ಲಿರುವವರು ಅವನದೇ ಪ್ರಯೋಗಕ್ಕೆ ದೇಹವನ್ನು ಒಡ್ಡುವುದು ಮುಕ್ತ ಒಪ್ಪಿಗೆಯಾಗಲಾರದೆಂಬ ಎಚ್ಚರಿಕೆ ವೈದ್ಯಕೀಯ ಸಂಶೋಧನೆಯ ಹೆಲ್ಸಿಂಕಿ ಘೋಷಣೆಯಲ್ಲಿಯೇ ಇದೆ. ಈ ಸುದ್ದಿ ಒಂದೂವರೆ ವರ್ಷ ತಣ್ಣಗೆ ಮಲಗಿತ್ತು.

ಅದನ್ನು ಎಬ್ಬಿಸಿದವರು ರಿಯು ಯಂಗ್-ಜುನ್ ಎಂಬ ಯುವ ವೈದ್ಯರು. ಮೊದಲ ಪ್ರಬಂಧದ ಕೆಲಸದಲ್ಲಿ ದುಡಿದು, ಆಮೇಲೆ ಪ್ರಯೋಗಾಲಯ ತೊರೆದವರು ಅವರು. ತಾವು ಬಿಟ್ಟುಬಂದ ಮೇಲೆ ಇಷ್ಟು ಕಡಿಮೆ ಅವಧಿಯಲ್ಲಿ ಹನ್ನೊಂದು ಸರಣಿಗಳು ಹುಟ್ಟಿದ್ದು ಹೇಗೆಂಬುದು ಅವರಿಗೆ ಅರ್ಥವಾಗಲಿಲ್ಲ. ಆದರೆ ಅವರನ್ನು ಸುಮ್ಮನಿರಗೊಡದದ್ದು ಇನ್ನೊಂದು ಸಂಗತಿ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾರದ ಹತ್ತು ವರ್ಷದ ಬಾಲಕನೊಬ್ಬನ ಮೇಲೆ ಈ ಕೋಶಗಳ ಚಿಕಿತ್ಸಾ ಪ್ರಯೋಗ ಮಾಡುವ ಸಿದ್ಧತೆ ನಡೆದಿದೆಯೆಂದು ಅವರಿಗೆ ತಿಳಿಯಿತು. ಆಕರಕೋಶ ಸರಿಯಾಗಿ ಪಳಗದಿದ್ದರೆ ದೇಹದೊಳಗೆ ಗೆಡ್ಡೆಯಾಗಿ ಬೆಳೆಯಬಹುದು. ಇಲ್ಲಿಯಾದರೋ ಆ ಕೋಶಗಳು ಏನೆಂಬುದೇ ಖಚಿತವಿರಲಿಲ್ಲ. 2005ರ ಜೂನ್ ಒಂದರಂದು ರಿಯು ಎಂಬಿಸಿ ವಾಹಿನಿಯ ‘ಪಿಡಿ ನೋಟ್‌ಬುಕ್’ ಎಂಬ ತನಿಖಾ ಕಾರ್ಯಕ್ರಮಕ್ಕೆ ಇಮೇಲ್ ಬರೆದರು. ನಿರ್ಮಾಪಕ ಹಾನ್ ಹಾಕ್-ಸೂ ಮತ್ತು ಸಂಗಡಿಗರು ತಿಂಗಳುಗಟ್ಟಲೆ ಸದ್ದಿಲ್ಲದೆ ಮಾಹಿತಿ ಕಲೆಹಾಕಿದರು.

ಮುಂದಿನದ್ದು ಕೆಲವೇ ವಾರಗಳ ಕಥೆ. ನವೆಂಬರ್ 12ರಂದು ಶಾಟನ್, ಅಂಡಾಣು ಪಡೆದ ರೀತಿಯ ಬಗ್ಗೆ ತಮ್ಮನ್ನು ತಪ್ಪುದಾರಿಗೆಳೆಯಲಾಗಿದೆಯೆಂದು ಹೇಳಿ ಸಹಯೋಗವನ್ನು ಕಡಿದುಕೊಂಡರು. ನವೆಂಬರ್ 21ರಂದು, ಹ್ವಾಂಗ್ ತಂಡಕ್ಕೆ ಅಂಡಾಣು ಒದಗಿಸುತ್ತಿದ್ದ ಮಿಜ್‌ಮೆಡಿ ಆಸ್ಪತ್ರೆಯ ಮುಖ್ಯಸ್ಥ ರೋ ಸುಂಗ್-ಇಲ್, ದಾನಿಗಳಿಗೆ ತಲಾ 15 ಲಕ್ಷ ವಾನ್‌ನಷ್ಟು, ಎಂದರೆ ಸುಮಾರು 1,400 ಡಾಲರ್, ಹಣ ಕೊಟ್ಟದ್ದಾಗಿ ಒಪ್ಪಿಕೊಂಡರು. ಮರುದಿನ ಎಂಬಿಸಿಯ ಕಾರ್ಯಕ್ರಮ ಪ್ರಸಾರವಾಯಿತು. 24ರಂದು ಹ್ವಾಂಗ್, ತಮ್ಮ ಇಬ್ಬರು ಸಂಶೋಧಕಿಯರು ಅಂಡಾಣು ಕೊಟ್ಟದ್ದು ನಿಜವೆಂದೂ, ಅವರ ಖಾಸಗಿತನ ಕಾಪಾಡಲು ತಾವು ಸುಳ್ಳು ಹೇಳಿದ್ದೆಂದೂ ತಿಳಿಸಿ, ಆಕರಕೋಶ ಕೇಂದ್ರದ ಅಧ್ಯಕ್ಷತೆಗೆ ರಾಜೀನಾಮೆ ಕೊಟ್ಟರು.

ಜನರ ಕೋಪ ತಿರುಗಿದ್ದು ವಾಹಿನಿಯ ಮೇಲೆ. ಕಾರ್ಯಕ್ರಮದ ಜಾಹೀರಾತುದಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಸಾವಿರಕ್ಕೂ ಹೆಚ್ಚು ಮಹಿಳೆಯರು ತಾವೂ ಅಂಡಾಣು ಕೊಡುತ್ತೇವೆಂದು ಹೆಸರು ನೋಂದಾಯಿಸಿದರು. ಆ ಮಹಿಳೆಯರ ಔದಾರ್ಯವನ್ನು ನಾನು ಕಡಿಮೆ ಮಾಡಿ ನೋಡಲಾರೆ. ರೋಗಿಗಳಿಗೆ ಒಳ್ಳೆಯದಾಗಲಿ ಎಂಬ ನಂಬಿಕೆಯಿಂದ ಬಂದದ್ದು ಅದು. ಆದರೆ ಅಂಥ ನಂಬಿಕೆಗೆ ಅರ್ಹವಾದ ಒಂದೇ ಒಂದು ಕೋಶವೂ ಆ ಹೊತ್ತಿಗೆ ಪ್ರಯೋಗಾಲಯದಲ್ಲಿರಲಿಲ್ಲವೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಡಿಸೆಂಬರ್ 4ರಂದು ವೈಟಿಎನ್ ವಾಹಿನಿ, ಎಂಬಿಸಿಯವರು ಹ್ವಾಂಗ್ ತಂಡದ ಸಂಶೋಧಕ ಕಿಮ್ ಸುನ್-ಜೊಂಗ್ ಅವರನ್ನು ಬೆದರಿಸಿ ಹೇಳಿಕೆ ಪಡೆದರೆಂದು ವರದಿ ಮಾಡಿತು. ಎಂಬಿಸಿ ಕ್ಷಮೆ ಕೇಳಿತು. ಪ್ರಕರಣ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಮುಗಿಯದಂತೆ ಮಾಡಿದವರು ಹೆಸರಿಲ್ಲದ ಯುವ ವಿಜ್ಞಾನಿಗಳು. ಡಿಸೆಂಬರ್ 5ರ ನಸುಕಿನಲ್ಲಿ ಬ್ರಿಕ್ ಎಂಬ ಜೀವವಿಜ್ಞಾನಿಗಳ ಜಾಲತಾಣದಲ್ಲಿ ಅನಾಮಿಕರೊಬ್ಬರು 2005ರ ಪ್ರಬಂಧದ ಪೂರಕ ಚಿತ್ರಗಳನ್ನು ಜೋಡಿಜೋಡಿಯಾಗಿ ಇಟ್ಟರು. ಬೇರೆ ಬೇರೆ ರೋಗಿಗಳ ಕೋಶಗಳೆಂದು ಮುದ್ರಿಸಿದ್ದ ಚಿತ್ರಗಳಲ್ಲಿ ಕೆಲವು ಒಂದೇ ಚಿತ್ರದ ತುಣುಕುಗಳಾಗಿದ್ದವು. ಕೋಶಗುಚ್ಛದ ಅಂಚಿನ ಅದೇ ತಿರುವು, ಅದೇ ಜಾಗದಲ್ಲಿ ಅದೇ ಚುಕ್ಕೆ. ಅಲ್ಲಿಂದ ಮುಂದೆ ಇನ್ನೊಬ್ಬರು ಡಿಎನ್‌ಎ ಬೆರಳಚ್ಚುಗಳತ್ತ ಕಣ್ಣು ಹಾಯಿಸಿದರು. ರೋಗಿಯ ಚರ್ಮಕೋಶ ಮತ್ತು ಅದರಿಂದ ಬಂದ ಆಕರಕೋಶ ಇವೆರಡರ ಡಿಎನ್‌ಎ ನಕ್ಷೆಯಲ್ಲಿ ಶಿಖರಗಳು ಒಂದೇ ಜಾಗದಲ್ಲಿ ಬರಬೇಕೆಂಬುದು ಸರಿ. ಆದರೆ ಬೇರೆ ಬೇರೆ ಮಾದರಿಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಶಿಖರಗಳ ಎತ್ತರ, ಆಕಾರ, ತಳದ ಸಣ್ಣಪುಟ್ಟ ಗೀಚುಗಳು ಒಂದಿಷ್ಟಾದರೂ ವ್ಯತ್ಯಾಸವಾಗಬೇಕು. ಇಲ್ಲಿ ಅವೂ ಒಂದೇ ತೆರನಾಗಿದ್ದವು. ಒಂದೇ ಮಾದರಿಯನ್ನು ಎರಡು ನಳಿಕೆಗಳಿಗೆ ಹಂಚಿದರೆ ಮಾತ್ರ ಹಾಗಾದೀತು.

ಡಿಸೆಂಬರ್ 15ರಂದು ರೋ ಸುಂಗ್-ಇಲ್, ಹನ್ನೊಂದರಲ್ಲಿ ಒಂಬತ್ತು ಸರಣಿಗಳು ನಕಲಿಯೆಂದು ಹ್ವಾಂಗ್ ತಮ್ಮೆದುರು ಒಪ್ಪಿಕೊಂಡರೆಂದು ಮಾಧ್ಯಮಗಳಿಗೆ ಹೇಳಿದರು. ವಿಶ್ವವಿದ್ಯಾಲಯ ನೇಮಿಸಿದ್ದ ತನಿಖಾ ಸಮಿತಿ 23ರಂದು ಮಧ್ಯಂತರ ವರದಿ ಕೊಟ್ಟ ದಿನವೇ ಹ್ವಾಂಗ್ ಪ್ರಾಧ್ಯಾಪಕ ಹುದ್ದೆಗೆ ರಾಜೀನಾಮೆ ಘೋಷಿಸಿದರು.

ಸಮಿತಿಗೆ ಸಿಕ್ಕ ಲೆಕ್ಕ

ಚುಂಗ್ ಮ್ಯುಂಗ್-ಹೀ ಅಧ್ಯಕ್ಷತೆಯ ಸಮಿತಿ 2006ರ ಜನವರಿ 10ರಂದು ಅಂತಿಮ ವರದಿಯನ್ನು ಮುಂದಿಟ್ಟಿತು. ರೋಗಿಗಳ ಡಿಎನ್‌ಎ ಹೊತ್ತ ಕೋಶಸರಣಿ ಒಂದೂ ಇಲ್ಲ. 2005ರ ಪ್ರಬಂಧವನ್ನು ಪತ್ರಿಕೆಗೆ ಕಳಿಸಿದಾಗ ತಂಡದ ಕೈಯಲ್ಲಿದ್ದದ್ದು ಎರಡೇ ಸರಣಿಗಳು. ಉಳಿದವುಗಳ ದತ್ತಾಂಶವನ್ನು ಆ ಎರಡರಿಂದಲೇ ಹೆಣೆಯಲಾಗಿತ್ತು. ಆ ಎರಡೂ ಮಿಜ್‌ಮೆಡಿ ಆಸ್ಪತ್ರೆಯಲ್ಲಿ ಪ್ರನಾಳ ಶಿಶು ಚಿಕಿತ್ಸೆಯ ಉಳಿಕೆ ಭ್ರೂಣಗಳಿಂದ ಬಂದ ಸಾಧಾರಣ ಆಕರಕೋಶಗಳೆಂದು ಪರೀಕ್ಷೆ ತೋರಿಸಿತು. ಅವುಗಳನ್ನು ಹ್ವಾಂಗ್ ಅವರ ಬಟ್ಟಲುಗಳಿಗೆ ಬೆರೆಸಿದವರು ಕಿಮ್ ಸುನ್-ಜೊಂಗ್ ಎಂದು ಸರ್ಕಾರಿ ಅಭಿಯೋಜಕರು ಆಮೇಲೆ ಕಂಡುಕೊಂಡರು. ಹೀಗಾಗಿ ಆ ಎರಡು ಸರಣಿಗಳ ಮಟ್ಟಿಗೆ ಹ್ವಾಂಗ್ ಅವರೇ ಮೋಸಹೋಗಿದ್ದಿರಬಹುದು. ಆದರೆ ಎರಡನ್ನು ಹನ್ನೊಂದು ಮಾಡಿ ತೋರಿಸಿದ್ದು ಅವರ ಸೂಚನೆಯಂತೆಯೇ ನಡೆದ ಕೆಲಸ. ಮೋಸಹೋದವನೂ ಮೋಸ ಮಾಡಿದವನೂ ಒಬ್ಬನೇ ಆಗಿರಬಲ್ಲನೆಂಬುದನ್ನು ಈ ಪ್ರಕರಣವನ್ನು ಓದುವವರು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಎನ್‌ಟಿ-1 ಕೂಡ ತದ್ರೂಪಿಯಲ್ಲವೆಂದು ಸಮಿತಿ ಹೇಳಿತು. ವೀರ್ಯಾಣುವಿನ ಸೋಂಕಿಲ್ಲದೆ ಅಂಡಾಣು ತಾನಾಗಿಯೇ ವಿಭಜನೆಗೆ ತೊಡಗಿದ ಅನಿಷೇಕ ಜನನದ ಫಲ ಅದಾಗಿರುವ ಸಾಧ್ಯತೆಯೇ ಹೆಚ್ಚೆಂದು ಅದರ ಅಭಿಪ್ರಾಯ. ಹಾರ್ವರ್ಡ್‌ನ ಜಾರ್ಜ್ ಡೇಲಿ ಅವರ ತಂಡ 2007ರಲ್ಲಿ ಇದನ್ನು ದೃಢಪಡಿಸಿತು. ಮನುಷ್ಯರಲ್ಲಿ ಅನಿಷೇಕ ಜನನದಿಂದ ಆಕರಕೋಶ ಬೆಳೆಸಿದ ಮೊದಲ ದಾಖಲೆ ಅದಾಗಬಹುದಿತ್ತು. ಪ್ರಾಮಾಣಿಕವಾಗಿ ಬರೆದಿದ್ದರೆ ಅದೇ ಒಂದು ಗೌರವದ ಪ್ರಬಂಧವಾಗುತ್ತಿತ್ತು. ನಾಯಿ ಸ್ನಪ್ಪಿ ಮಾತ್ರ ಡಿಎನ್‌ಎ ಪರೀಕ್ಷೆಯಲ್ಲಿ ನಿಜವಾದ ತದ್ರೂಪಿಯೆಂದು ಸಾಬೀತಾಯಿತು.

ಇನ್ನು ಅಂಡಾಣುಗಳು. ಎರಡೂ ಪ್ರಬಂಧಗಳಲ್ಲಿ ಹೇಳಿದ್ದನ್ನು ಕೂಡಿಸಿದರೆ 427. ಸಮಿತಿಯ ಎಣಿಕೆಯಂತೆ 2002ರ ನವೆಂಬರಿನಿಂದ 2005ರ ನವೆಂಬರಿನವರೆಗೆ ನಾಲ್ಕು ಆಸ್ಪತ್ರೆಗಳ ಮೂಲಕ 129 ಮಹಿಳೆಯರಿಂದ ಪ್ರಯೋಗಾಲಯಕ್ಕೆ ಬಂದ ಅಂಡಾಣುಗಳು 2,061. ಇವೆಲ್ಲವೂ ಆ ಎರಡು ಪ್ರಬಂಧಗಳ ಪ್ರಯೋಗಕ್ಕೇ ಬಳಕೆಯಾದವೆಂದು ಹೇಳಲಾಗದು, ಕಾಲಾವಧಿ ದೊಡ್ಡದು. ಹಾಗಿದ್ದರೂ ಫಲಿತಾಂಶದ ಅಂಕಣದಲ್ಲಿ ಬರೆಯಬೇಕಾದದ್ದು ಸೊನ್ನೆ. ಹದಿನೇಳಕ್ಕೆ ಒಂದು ಎಂಬ ಪ್ರಮಾಣ ಇದ್ದದ್ದು ಕಾಗದದ ಮೇಲೆ. ಆ ಪ್ರಮಾಣವನ್ನು ನಂಬಿಸಬೇಕಾದರೆ ಅಂಡಾಣುಗಳ ನಿಜವಾದ ಸಂಖ್ಯೆಯನ್ನು ಮುಚ್ಚಿಡಲೇಬೇಕಿತ್ತು. ಸಂಖ್ಯೆಯನ್ನು ಮುಚ್ಚಿಟ್ಟರೆ ಅವುಗಳನ್ನು ಕೊಟ್ಟ ಮಹಿಳೆಯರನ್ನೂ ಮುಚ್ಚಿಡಬೇಕಿತ್ತು. ಹಣ ಪಡೆದವರು, ತಮ್ಮ ಬಂಜೆತನ ಚಿಕಿತ್ಸೆಯ ವೆಚ್ಚದಲ್ಲಿ ರಿಯಾಯಿತಿ ಸಿಗುತ್ತದೆಂದು ಅಂಡಾಣುಗಳಲ್ಲಿ ಒಂದು ಪಾಲು ಬಿಟ್ಟುಕೊಟ್ಟವರು, ಪ್ರಯೋಗಾಲಯದ ನೌಕರರು, ಎಲ್ಲರೂ ಆ ಲೆಕ್ಕದ ಹಿಂದೆ ಮರೆಯಾದರು. 2003ರ ಮಾರ್ಚಿನಲ್ಲಿ ಪ್ರಯೋಗಾಲಯದ ಮಹಿಳಾ ತಂತ್ರಜ್ಞರಿಗೆ ಅಂಡಾಣು ದಾನಕ್ಕೆ ಒಪ್ಪಿಗೆ ಕೇಳುವ ನಮೂನೆಯೊಂದನ್ನು ಹಂಚಲಾಗಿತ್ತೆಂದೂ, ಅದೇ ತಿಂಗಳು ಸಂಶೋಧನಾ ವಿದ್ಯಾರ್ಥಿನಿ ಅಂಡಾಣು ಕೊಡಲು ಆಸ್ಪತ್ರೆಗೆ ಹೋದಾಗ ಸ್ವತಃ ಹ್ವಾಂಗ್ ಜೊತೆಗಿದ್ದರೆಂದೂ ಸಮಿತಿ ದಾಖಲಿಸಿದೆ. ಕಾರಿನಲ್ಲಿ ಪಕ್ಕದಲ್ಲಿ ಕುಳಿತಿರುವುದು ತನ್ನ ಪದವಿ, ಉದ್ಯೋಗ, ಭವಿಷ್ಯ ಎಲ್ಲವನ್ನೂ ನಿರ್ಧರಿಸುವ ವ್ಯಕ್ತಿ. ಆ ಸ್ಥಿತಿಯಲ್ಲಿ ಸ್ವಯಂಪ್ರೇರಣೆ ಎಂಬ ಪದಕ್ಕೆ ಏನು ಅರ್ಥ ಉಳಿಯುತ್ತದೆ?

ಭಾರತದ ಓದುಗರಿಗೆ ಈ ಸಂಖ್ಯೆಯ ಅಳತೆ ಸಿಗಬೇಕಾದರೆ ನಮ್ಮ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯನ್ನು ಪಕ್ಕಕ್ಕಿಟ್ಟು ನೋಡಬಹುದು. ಮಕ್ಕಳಿಲ್ಲದ ದಂಪತಿಗಳಿಗಾಗಿ ಅಂಡಾಣು ಕೊಡುವ ಮಹಿಳೆಗೆ 23ರಿಂದ 35 ವರ್ಷ ವಯಸ್ಸಾಗಿರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ಆಕೆಯಿಂದ ತೆಗೆಯಕೂಡದು ಎಂದು ಆ ಕಾಯ್ದೆ ಹೇಳುತ್ತದೆ. ಆ ಅಳತೆಯಲ್ಲಿ 2,061 ಅಂಡಾಣುಗಳೆಂದರೆ ಸುಮಾರು 295 ಮಹಿಳೆಯರು.

ಆ ನಂತರ

ಸಮಿತಿಯ ವರದಿ ಬಂದ ಎರಡೇ ದಿನಗಳಲ್ಲಿ ‘ಸೈನ್ಸ್’ ಎರಡೂ ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಎರಡನೆಯ ಪ್ರಬಂಧ ಕೈಸೇರಿದ ಎರಡು ತಿಂಗಳೊಳಗೆ ಅದನ್ನು ಪ್ರಕಟಣೆಗೆ ಒಪ್ಪಿಕೊಂಡದ್ದು ಅದೇ ಪತ್ರಿಕೆ. ಸಂಬಂಧವೇ ಇಲ್ಲದ ಪ್ರಯೋಗಾಲಯವೊಂದರಲ್ಲಿ ಆ ಸರಣಿಗಳ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರೆ ಮೋಸ ಕೆಲವೇ ದಿನಗಳಲ್ಲಿ ಹೊರಬೀಳುತ್ತಿತ್ತೆಂಬುದು ಸಮಿತಿಯ ಪರೀಕ್ಷೆಗಳಿಂದಲೇ ತಿಳಿಯುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಮಿತಿ ಶಾಟನ್ ವಂಚನೆಯಲ್ಲಿ ಪಾಲ್ಗೊಂಡಿಲ್ಲವೆಂದಿತು. ಆದರೆ ಹದಿನೈದು ತಿಂಗಳಲ್ಲಿ ಹ್ವಾಂಗ್ ಅವರಿಂದ 40,000 ಡಾಲರ್ ಗೌರವಧನ ಪಡೆದು, ದತ್ತಾಂಶಗಳನ್ನು ಪರಿಶೀಲಿಸದೆ ಹಿರಿಯ ಲೇಖಕರಾದದ್ದನ್ನು ಆಕ್ಷೇಪಿಸಿತು.

2006ರ ಮೇ ತಿಂಗಳಲ್ಲಿ ಹ್ವಾಂಗ್ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. 2009ರ ಅಕ್ಟೋಬರಿನಲ್ಲಿ ಸಿಯೋಲ್‌ನ ನ್ಯಾಯಾಲಯ ಸಂಶೋಧನಾ ಹಣದ ದುರುಪಯೋಗ ಮತ್ತು ಜೈವಿಕ ನೀತಿ ಕಾಯ್ದೆಯ ಉಲ್ಲಂಘನೆಗಾಗಿ ಅವರನ್ನು ತಪ್ಪಿತಸ್ಥರೆಂದು ಘೋಷಿಸಿ ಎರಡು ವರ್ಷದ, ಆದರೆ ಜಾರಿಯನ್ನು ತಡೆಹಿಡಿದ, ಜೈಲುಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ಒಂದೂವರೆ ವರ್ಷವಾಯಿತು, 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಅವರು ಜೈಲಿಗೆ ಹೋಗಲಿಲ್ಲ. ತಮ್ಮದೇ ಸಂಸ್ಥೆ ಕಟ್ಟಿ ನಾಯಿಗಳನ್ನು ತದ್ರೂಪಿಸುವ ಕೆಲಸ ಮುಂದುವರಿಸಿದರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಜೈವಿಕ ನೀತಿ ಕಾಯ್ದೆ ಜಾರಿಗೆ ಬಂದದ್ದು 2005ರ ಜನವರಿ ಒಂದರಂದು. ಅದಕ್ಕಿಂತ ಮುಂಚೆ ಹಣ ಪಡೆದು ಅಂಡಾಣು ಕೊಟ್ಟವರ ವಿಷಯ, ಪ್ರಯೋಗಾಲಯದ ವಿದ್ಯಾರ್ಥಿನಿಯ ವಿಷಯ, ಕಾನೂನಿನ ಬಲೆಗೆ ಬೀಳಲೇ ಇಲ್ಲ.

ರಿಯು ಯಂಗ್-ಜುನ್ ಅವರ ಗುರುತು ಹ್ವಾಂಗ್ ಬೆಂಬಲಿಗರಿಗೆ ಬೇಗನೆ ಸಿಕ್ಕಿತು. ಆಸ್ಪತ್ರೆಯ ಕೆಲಸ ಬಿಡಬೇಕಾಯಿತು; ಬಹುಕಾಲ ಕೆಲಸವಿಲ್ಲದೆ, ಮನೆಮಂದಿಯೊಂದಿಗೆ ತಲೆಮರೆಸಿಕೊಂಡು ದಿನ ಕಳೆದರು. ಆಮೇಲೆ ರೋಗಶಾಸ್ತ್ರ ಓದಿ ಕಾಂಗ್ವೊನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಎಲ್ಲರೆದುರು ತಮ್ಮ ಹೆಸರು ಹೇಳಿಕೊಂಡು ಮಾತನಾಡಿದ್ದು 2014ರಲ್ಲಿ, ಇಮೇಲ್ ಬರೆದ ಒಂಬತ್ತು ವರ್ಷಗಳ ಮೇಲೆ.

ಹ್ವಾಂಗ್ ಮಾಡಿದ್ದೇವೆಂದದ್ದು ನಿಜವಾಗಿ ಸಾಧ್ಯವಾದದ್ದು 2013ರಲ್ಲಿ, ಅಮೆರಿಕದ ಆರಿಗನ್‌ನಲ್ಲಿ ಷೌಖ್ರತ್ ಮಿತಾಲಿಪೋವ್ ಅವರ ಕೈಯಲ್ಲಿ. ಆ ಹೊತ್ತಿಗೆ ಈ ಹಾದಿಯ ಅಗತ್ಯವೇ ಬಹುಮಟ್ಟಿಗೆ ಕಡಿಮೆಯಾಗಿತ್ತು. ಪ್ರಬಂಧಗಳು ಹಿಂತೆಗೆದ ವರ್ಷವೇ, 2006ರ ಆಗಸ್ಟಿನಲ್ಲಿ, ಜಪಾನಿನ ಶಿನ್ಯಾ ಯಮನಾಕ ಇಲಿಯ ಸಾಮಾನ್ಯ ಚರ್ಮಕೋಶಕ್ಕೆ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಆಕರಕೋಶದ ಸ್ಥಿತಿಗೆ ಮರಳಿಸಬಹುದೆಂದು ತೋರಿಸಿದ್ದರು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಅದು ಫಲಿಸಿತು. ಅದಕ್ಕೆ ಅಂಡಾಣು ಬೇಡ, ಭ್ರೂಣವೂ ಬೇಡ.

ಸಿಯೋಲ್‌ನಲ್ಲಿ ಅಂಡಾಣು ಕೊಟ್ಟವರಲ್ಲಿ ಕೆಲವರು ಅಂಡಾಶಯದ ಅತಿಪ್ರಚೋದನೆಯಿಂದ ಚಿಕಿತ್ಸೆ ಪಡೆಯಬೇಕಾಯಿತೆಂದು ಕೊರಿಯಾದ ರಾಷ್ಟ್ರೀಯ ಜೈವಿಕ ನೀತಿ ಸಮಿತಿಯ ತನಿಖೆ ದಾಖಲಿಸಿದೆ. ಆ ಸಮಿತಿಯೂ ಅಂಡಾಣುಗಳನ್ನು ತಾನಾಗಿ ಎಣಿಸಿತು. ವಿಶ್ವವಿದ್ಯಾಲಯದ ಲೆಕ್ಕದಲ್ಲಿ 129 ಮಹಿಳೆಯರು, 2,061 ಅಂಡಾಣುಗಳು; ರಾಷ್ಟ್ರೀಯ ಸಮಿತಿಯ ಲೆಕ್ಕದಲ್ಲಿ 119 ಮಹಿಳೆಯರು, 2,221 ಅಂಡಾಣುಗಳು. ದುರುಪಯೋಗವಾದ ಹಣದ ಲೆಕ್ಕವನ್ನು ನ್ಯಾಯಾಲಯ ಕೂಡಿ ಕಳೆದು ಮುಗಿಸಿತು. ಆ ಮಹಿಳೆಯರು ಎಷ್ಟು ಜನ ಎಂಬ ವಿಷಯದಲ್ಲಿ ಮಾತ್ರ ಎರಡು ಅಧಿಕೃತ ವರದಿಗಳು ಎರಡು ಬೇರೆ ಅಂಕಿಗಳನ್ನು ಹೇಳುತ್ತವೆ.